ಬೂಕರ್ ಪ್ರತಿಷ್ಠಾನ: ಒಂದು ಹೆಸರು, ಎರಡು ಪ್ರಶಸ್ತಿ, ಇಬ್ಬರ ಪಾಲು

2025ರ ಮೇ 20ರ ರಾತ್ರಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದಲ್ಲಿ ಕನ್ನಡದ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ನ ಹೆಸರನ್ನು ಘೋಷಿಸಿದಾಗ ನಮ್ಮಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಬೆಳಗಾಗುವ ಹೊತ್ತಿಗೆ ಗಚ್ಚಿಬೌಲಿಯ ನಮ್ಮ ವಸತಿ ಸಮುಚ್ಚಯದ ಕನ್ನಡ ಮನೆಗಳಲ್ಲಿ ಹಬ್ಬದ ಸಡಗರ. ಅಭಿನಂದನಾ ಫಲಕವೊಂದನ್ನು ಕಟ್ಟಬೇಕೆಂದು ಗೆಳೆಯರು ನಿಶ್ಚಯಿಸಿದರು. ಅದರ ಒಕ್ಕಣೆಯನ್ನು ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತು. ‘ಬೂಕರ್ ಪ್ರಶಸ್ತಿ ವಿಜೇತೆ ಬಾನು ಮುಷ್ತಾಕ್ ಅವರಿಗೆ ಹಾರ್ದಿಕ ಅಭಿನಂದನೆಗಳು’ ಎಂದು ಬರೆದುಕೊಟ್ಟೆವು.

ಆ ಒಂದು ಸಾಲಿನಲ್ಲಿ ಎರಡು ತಪ್ಪುಗಳಿದ್ದವು. ಪ್ರಶಸ್ತಿಯ ಹೆಸರು ಬೂಕರ್ ಪ್ರಶಸ್ತಿಯಲ್ಲ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ. ವಿಜೇತರು ಒಬ್ಬರಲ್ಲ, ಇಬ್ಬರು. ಇದನ್ನು ನಮಗೆ ತೋರಿಸಿಕೊಟ್ಟವಳು ಕಾಲೇಜಿಗೆ ಹೋಗುವ ನೆರೆಮನೆಯ ಹುಡುಗಿ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಆಕೆ ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. “ಅಂಕಲ್, ನಾನು ಓದಿದ್ದು ದೀಪಾ ಭಾಸ್ತಿಯವರ ಇಂಗ್ಲಿಷ್‌ನಲ್ಲಿ. ಅವರ ಹೆಸರೇ ಇಲ್ಲವಲ್ಲ?” ಎಂದಳು. ಫಲಕವನ್ನು ಇಳಿಸಿ ಮತ್ತೆ ಬರೆಸಿದೆವು. ಆ ಪ್ರಶಸ್ತಿಯನ್ನು ನೀಡುವ ಸಂಸ್ಥೆಯ ಬಗ್ಗೆ ತಿಳಿದುಕೊಳ್ಳಲು ತೊಡಗಿದ್ದು ಆ ನಂತರವೇ. ಓದುಗರಿಗೂ ಉಪಯೋಗವಾಗಲೆಂದು ಅದನ್ನಿಲ್ಲಿ ಬರೆಯುತ್ತಿದ್ದೇವೆ.

ಬೂಕರ್ ಎಂಬುದು ಸಾಹಿತಿಯೊಬ್ಬರ ಹೆಸರೆಂದು ಅನೇಕರು ಭಾವಿಸಿದ್ದಾರೆ. ಅದು ಸಕ್ಕರೆಯ ವ್ಯಾಪಾರಿಗಳ ಹೆಸರು. ಬೂಕರ್ ಸೋದರರು 19ನೆಯ ಶತಮಾನದಲ್ಲಿ ಬ್ರಿಟಿಷ್ ಗಯಾನಾದಲ್ಲಿ ಸ್ಥಾಪಿಸಿದ ವ್ಯಾಪಾರವು ಬೆಳೆದು ಬೂಕರ್ ಮೆಕಾನೆಲ್ ಕಂಪನಿಯಾಯಿತು. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಕೂಲಿಗಳಾಗಿ ಹೋದವರಲ್ಲಿ ನಮ್ಮ ದೇಶದವರು ಬಹಳ. 1960ರ ದಶಕದಲ್ಲಿ ಈ ಕಂಪನಿಯು ಜೇಮ್ಸ್ ಬಾಂಡ್ ಕಾದಂಬರಿಗಳ ಕರ್ತೃ ಇಯಾನ್ ಫ್ಲೆಮಿಂಗ್ ಅವರ ಕೃತಿಸ್ವಾಮ್ಯ ಹೊಂದಿದ್ದ ಸಂಸ್ಥೆಯಲ್ಲಿ ಶೇ. 51 ಪಾಲನ್ನು ಕೊಂಡಿತು. ಪುಸ್ತಕದಿಂದ ಹಣ ಬರತೊಡಗಿದ ಮೇಲೆ ಪುಸ್ತಕಕ್ಕೊಂದು ಬಹುಮಾನ ಕೊಡಬಾರದೇಕೆ ಎಂಬ ಪ್ರಕಾಶಕರ ಸಲಹೆ ಫಲಿಸಿ, 1969ರಲ್ಲಿ ಮೊದಲ ಪ್ರಶಸ್ತಿಯು ಪಿ. ಎಚ್. ನ್ಯೂಬಿ ಅವರಿಗೆ ಸಂದಿತು. ಮೊತ್ತ 5,000 ಪೌಂಡ್.

ಹೆಸರಿನ ಹಿಂದಿನ ಈ ಕಥೆಯನ್ನು ಎಲ್ಲರೂ ಮರೆತಿರಲಿಲ್ಲ. 1972ರಲ್ಲಿ ಪ್ರಶಸ್ತಿ ಪಡೆದ ಜಾನ್ ಬರ್ಜರ್, ಕೆರಿಬಿಯನ್ ಪ್ರದೇಶದ ಶೋಷಣೆಯಿಂದ ಬಂದ ಹಣವಿದೆಂದು ಸಮಾರಂಭದಲ್ಲಿಯೇ ಹೇಳಿ, ಅರ್ಧ ಮೊತ್ತವನ್ನು ಬ್ರಿಟನ್ನಿನ ಬ್ಲ್ಯಾಕ್ ಪ್ಯಾಂಥರ್ ಚಳವಳಿಗೆ ಕೊಡುವುದಾಗಿ ಘೋಷಿಸಿದರು. ಪ್ರಶಸ್ತಿಯನ್ನು ತಿರಸ್ಕರಿಸದೆ, ಕೊಟ್ಟವರ ಲೆಕ್ಕದ ಪುಸ್ತಕವನ್ನೇ ವೇದಿಕೆಯ ಮೇಲೆ ತೆರೆದ ಅವರ ಕ್ರಮ ನಮಗೆ ಮೆಚ್ಚುಗೆಯಾಯಿತು.

2002ರಲ್ಲಿ ಪ್ರಾಯೋಜಕತ್ವವು ಮ್ಯಾನ್ ಗ್ರೂಪ್ ಎಂಬ ಹಣಕಾಸು ಸಂಸ್ಥೆಗೆ ಹೋಯಿತು; ಪ್ರಶಸ್ತಿಯ ಆಡಳಿತಕ್ಕೆ ಬೂಕರ್ ಪ್ರೈಜ್ ಫೌಂಡೇಷನ್ ಎಂಬ ದತ್ತಿ ಪ್ರತಿಷ್ಠಾನವು ರೂಪುಗೊಂಡಿತು. ಮೊತ್ತವು 21,000 ಪೌಂಡ್‌ನಿಂದ 50,000ಕ್ಕೆ ಏರಿತು. ಹಣ ಹೊಸಬರದು, ಆದರೆ ಹಳೆಯ ಹೆಸರು ಹೋಗಲಿಲ್ಲ. ಅದರ ಮುಂದೆ ಹೊಸದೊಂದು ಸೇರಿ ‘ಮ್ಯಾನ್ ಬೂಕರ್’ ಆಯಿತು. 2019ರಲ್ಲಿ ಆ ಸಂಸ್ಥೆ ಹಿಂದೆ ಸರಿದು, ಕ್ರ್ಯಾಂಕ್‌ಸ್ಟಾರ್ಟ್ ಎಂಬ ದತ್ತಿಸಂಸ್ಥೆಯು ಹೊಣೆ ಹೊತ್ತಾಗ ‘ಮ್ಯಾನ್’ ಕಳಚಿಕೊಂಡಿತು. ಹೊಸ ದಾನಿಗಳು ತಮ್ಮ ಹೆಸರನ್ನು ಪ್ರಶಸ್ತಿಗೆ ಅಂಟಿಸಲಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರನ್ನು ಓದಿ ಬೆಳೆದ ನಮಗೆ ಇದೊಂದು ಸೋಜಿಗ.

ಪ್ರಶಸ್ತಿಯ ಹೆಸರನ್ನು ಕಾಯುವುದೆಂದರೇನು? ಇದನ್ನು ತಿಳಿಯಲು ನೊಬೆಲ್ ಪ್ರತಿಷ್ಠಾನದ ಉದಾಹರಣೆ ಸಹಾಯಕ. ಅದರ ಹೆಸರು ಮತ್ತು ಪದಕದ ಚಿತ್ರ ಎರಡೂ ನೋಂದಾಯಿತ ಟ್ರೇಡ್‌ಮಾರ್ಕ್‌ಗಳು. ಸ್ವೀಡನ್ನಿನ ಕೇಂದ್ರ ಬ್ಯಾಂಕು 1968ರಲ್ಲಿ ತನ್ನ 300ನೆಯ ವರ್ಷದ ನೆನಪಿಗೆ ಸ್ಥಾಪಿಸಿದ ಅರ್ಥಶಾಸ್ತ್ರದ ಬಹುಮಾನವನ್ನು ನಾವೆಲ್ಲ ನೊಬೆಲ್ ಎಂದೇ ಕರೆಯುತ್ತೇವೆ. ಅದರ ಅಧಿಕೃತ ಹೆಸರು ಬೇರೆ: ‘ಆಲ್ಫ್ರೆಡ್ ನೊಬೆಲ್ ಸ್ಮರಣಾರ್ಥ ಸ್ವೀಡಿಷ್ ಕೇಂದ್ರ ಬ್ಯಾಂಕಿನ ಅರ್ಥವಿಜ್ಞಾನ ಪ್ರಶಸ್ತಿ’. (ಬ್ಯಾಂಕಿನವರು ಬರೆದ ಹೆಸರೆಂದು ಅದರ ಉದ್ದದಿಂದಲೇ ತಿಳಿಯುತ್ತದೆ.) ಇನ್ನು ಮುಂದೆ ಹೊಸ ಪ್ರಶಸ್ತಿಗಳನ್ನು ಸೇರಿಸುವುದಿಲ್ಲವೆಂದು ಆಮೇಲೆ ಪ್ರತಿಷ್ಠಾನವು ನಿರ್ಧರಿಸಿತು. ಪರಿಸರ ಮತ್ತು ಬಡತನ ನಿವಾರಣೆಯ ಕ್ಷೇತ್ರಗಳಿಗಾಗಿ ಬಂದ ಕೋರಿಕೆಗೆ ಒಪ್ಪಿಗೆ ಸಿಗದ ಕಾರಣ 1980ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಪ್ರತ್ಯೇಕವಾಗಿ ಹುಟ್ಟಿತು. 1994ರಲ್ಲಿ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರಿಗೆ ಸಂದದ್ದು ಇದೇ. ಅದನ್ನು ‘ಪರ್ಯಾಯ ನೊಬೆಲ್’ ಎಂದೂ, 1991ರಲ್ಲಿ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿಯನ್ನು ‘ಏಷ್ಯಾದ ನೊಬೆಲ್’ ಎಂದೂ ಕರೆದು ಹೆಮ್ಮೆಪಡುವುದು ರೂಢಿ. ಸುಬ್ಬಣ್ಣನವರ ಕೆಲಸಕ್ಕೆ ಸ್ಟಾಕ್‌ಹೋಮಿನ ಎರವಲು ಬೇಕಿತ್ತೆ ಎಂದು ನಮಗೆ ಅನ್ನಿಸುವುದುಂಟು.

ಬೂಕರ್ ಹೆಸರಿಗೂ ಇಂಥ ಎರವಲಿನ ಕಾಟ ತಪ್ಪಿಲ್ಲ. ಅಬುಧಾಬಿಯಲ್ಲಿ 2007ರಲ್ಲಿ ಆರಂಭವಾದ ಅರಬ್ಬಿ ಕಾದಂಬರಿಗಳ ಅಂತಾರಾಷ್ಟ್ರೀಯ ಪ್ರಶಸ್ತಿಗೆ ಬೂಕರ್ ಪ್ರತಿಷ್ಠಾನದ ಬೆಂಬಲವಿತ್ತಾದರೂ ಹೆಸರಿನಲ್ಲಿ ಬೂಕರ್ ಇಲ್ಲ. ಜನರ ಬಾಯಲ್ಲಿ ಮಾತ್ರ ಅದು ‘ಅರಬ್ಬಿ ಬೂಕರ್’.

ಹೆಸರಿನ ಕಾವಲು ಹೊರಗಿನವರಿಂದ ಮಾತ್ರವಲ್ಲ, ಒಳಗಿನವರಿಂದಲೂ ಬೇಕಾಗುತ್ತದೆ. ಬೂಕರ್ ಪ್ರಶಸ್ತಿಯನ್ನು 1974ರಲ್ಲಿ ಮತ್ತು 1992ರಲ್ಲಿ ಇಬ್ಬಿಬ್ಬರಿಗೆ ಹಂಚಲಾಗಿತ್ತು. ಹಂಚಿದರೆ ತೂಕ ಕಡಿಮೆಯಾಗುವುದೆಂದು, ಇನ್ನು ಮುಂದೆ ಹಂಚಕೂಡದೆಂಬ ನಿಯಮ ಬಂದಿತು. 2019ರ ತೀರ್ಪುಗಾರರು ನಿಯಮ ತಿಳಿದೂ ಅದನ್ನು ಮುರಿದು ಮಾರ್ಗರೆಟ್ ಅಟ್‌ವುಡ್ ಮತ್ತು ಬರ್ನಾರ್ಡಿನ್ ಎವರಿಸ್ಟೊ ಇಬ್ಬರನ್ನೂ ಆರಿಸಿದರು. ಹಾಗೆ ಆ ಪ್ರಶಸ್ತಿಯನ್ನು ಪಡೆದ ಮೊದಲ ಕಪ್ಪು ಮಹಿಳೆ ಎವರಿಸ್ಟೊ ಅದರ ಅರ್ಧವನ್ನಷ್ಟೇ ಪಡೆಯಬೇಕಾಯಿತು.

ಈಗ ನಮಗೆ ಸಂಬಂಧಿಸಿದ ಭಾಗಕ್ಕೆ ಬರೋಣ. ಒಂದು ಪ್ರಶಸ್ತಿಯನ್ನು ಹಂಚಕೂಡದೆನ್ನುವ ಇದೇ ಪ್ರತಿಷ್ಠಾನವು ಇನ್ನೊಂದನ್ನು ಹಂಚಲೇಬೇಕೆನ್ನುತ್ತದೆ.

ಮೊದಲನೆಯದಾದ ಬೂಕರ್ ಪ್ರಶಸ್ತಿಯು ಇಂಗ್ಲಿಷಿನಲ್ಲಿಯೇ ರಚಿತವಾದ ಕಾದಂಬರಿಗೆ ಸಲ್ಲುತ್ತದೆ. ಸಲ್ಮಾನ್ ರಶ್ದಿ (1981), ಅರುಂಧತಿ ರಾಯ್ (1997), ಕಿರಣ್ ದೇಸಾಯಿ (2006), ಅರವಿಂದ ಅಡಿಗ (2008) ಇವರು ಪಡೆದದ್ದು ಅದನ್ನು. ಎರಡನೆಯದಾದ ಅಂತಾರಾಷ್ಟ್ರೀಯ ಪ್ರಶಸ್ತಿ 2005ರಲ್ಲಿ ಆರಂಭವಾದಾಗ ಎರಡು ವರ್ಷಕ್ಕೊಮ್ಮೆ ಒಬ್ಬ ಲೇಖಕರ ಜೀವಮಾನದ ಸಾಧನೆಗೆ ಸಲ್ಲುತ್ತಿತ್ತು. ಮೊದಲು ಪಡೆದವರು ಅಲ್ಬೇನಿಯಾದ ಇಸ್ಮಾಯಿಲ್ ಕದರೆ. 2013ರಲ್ಲಿ ಡಾ. ಯು. ಆರ್. ಅನಂತಮೂರ್ತಿಯವರು ಅಂತಿಮ ಹತ್ತು ಮಂದಿಯ ಪಟ್ಟಿಯಲ್ಲಿದ್ದುದನ್ನು ಓದುಗರು ಮರೆತಿರಲಾರರು. ಪ್ರಶಸ್ತಿ ಅಮೆರಿಕದ ಲಿಡಿಯಾ ಡೇವಿಸ್ ಅವರಿಗೆ ಹೋಯಿತು. ಆಗಿನ ಕ್ರಮದಲ್ಲಿ 60,000 ಪೌಂಡ್ ಲೇಖಕರದೇ. ಅನುವಾದಕರಿಗಾಗಿ 15,000 ಪೌಂಡ್ ಪ್ರತ್ಯೇಕವಾಗಿತ್ತು, ಅದು ಯಾರಿಗೆಂದು ಗೆದ್ದ ಲೇಖಕರು ಸೂಚಿಸಬಹುದಿತ್ತು. ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದು ಅನಂತಮೂರ್ತಿಯವರನ್ನು ಹೊರಜಗತ್ತಿಗೆ ಪರಿಚಯಿಸಿದ ಎ. ಕೆ. ರಾಮಾನುಜನ್ 1993ರಲ್ಲಿಯೇ ಅಗಲಿದ್ದರು.

2016ರಲ್ಲಿ ಈ ಕ್ರಮ ಬದಲಾಯಿತು. 1990ರಿಂದ ನಡೆದುಬಂದಿದ್ದ ‘ಇಂಡಿಪೆಂಡೆಂಟ್’ ಪತ್ರಿಕೆಯ ವಿದೇಶೀ ಕಥನ ಪ್ರಶಸ್ತಿಯೊಂದಿಗೆ ವಿಲೀನಗೊಂಡು, ಪ್ರತಿವರ್ಷ ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಒಂದೇ ಕೃತಿಗೆ ಸಲ್ಲತೊಡಗಿತು. 50,000 ಪೌಂಡಿನಲ್ಲಿ ಲೇಖಕರಿಗೆ 25,000, ಅನುವಾದಕರಿಗೆ 25,000. ಅಂತಿಮ ಆರರ ಪಟ್ಟಿಗೆ ಬಂದ ಕೃತಿಗಳ 5,000 ಪೌಂಡ್ ಕೂಡ ಹೀಗೆಯೇ ಎರಡು ಪಾಲು. ಮೂರು ದಶಕ ಬ್ಯಾಂಕಿನಲ್ಲಿ ಕಳೆದ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಜಂಟಿ ಖಾತೆ. ಇಬ್ಬರ ಸಹಿಯೂ ಬೇಕು. ಒಂದೇ ಸಹಿಯ ಚೆಕ್ಕನ್ನು ಕೌಂಟರಿನಲ್ಲಿ ಹಿಂದಿರುಗಿಸುವ ನಾವೇ ಒಂದೇ ಹೆಸರಿನ ಫಲಕವನ್ನು ಬರೆದುಕೊಟ್ಟೆವಲ್ಲ!

ಭಾರತೀಯ ಭಾಷೆಗೆ ಈ ಗೌರವ ಮೊದಲು ಬಂದದ್ದು 2022ರಲ್ಲಿ, ಹಿಂದಿಯ ಗೀತಾಂಜಲಿ ಶ್ರೀ ಮತ್ತು ಅನುವಾದಕಿ ಡೇಸಿ ರಾಕ್‌ವೆಲ್ ಅವರ ಮೂಲಕ. 2023ರಲ್ಲಿ ತಮಿಳಿನ ಪೆರುಮಾಳ್ ಮುರುಗನ್ ಅವರ ಕಾದಂಬರಿ ಮೊದಲ ಪಟ್ಟಿಯಲ್ಲಿತ್ತು. 2025ರಲ್ಲಿ ಸ್ಪರ್ಧೆಗೆ ಬಂದ ಪುಸ್ತಕಗಳು 154. ಅವುಗಳಲ್ಲಿ 13, ಬಳಿಕ 6, ಕೊನೆಗೆ ‘ಹಾರ್ಟ್ ಲ್ಯಾಂಪ್’. ಕನ್ನಡಕ್ಕೆ ಇದು ಮೊದಲು. ಸಣ್ಣಕಥೆಗಳ ಸಂಕಲನಕ್ಕೂ ಮೊದಲು. ಭಾರತೀಯ ಅನುವಾದಕರೊಬ್ಬರಿಗೂ ಮೊದಲು. ಹಾಸನದ ವಕೀಲೆ, ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿದ್ದ ಬಾನು ಅವರನ್ನು ನಮ್ಮ ಪೀಳಿಗೆ ಬಲ್ಲುದು, ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವಾದದ್ದು ಅವರ ‘ಕರಿ ನಾಗರಗಳು’ ಕಥೆ. ಅವರ ಆರು ಸಂಕಲನಗಳಿಂದ ಹನ್ನೆರಡು ಕಥೆಗಳನ್ನು ಆರಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರಗಳಲ್ಲಿ ಮುದ್ರಿಸಿ ಬೇರೆಯಾಗಿ ನಿಲ್ಲಿಸದೆ, ಅಡಿಟಿಪ್ಪಣಿಗಳ ಊರುಗೋಲನ್ನೂ ಕೊಡದೆ, ನಮ್ಮ ಮಾತಿನ ವರಸೆಯನ್ನೇ ಇಂಗ್ಲಿಷಿಗೆ ಒಗ್ಗಿಸಿದವರು ಅವರು. ನೆರೆಮನೆಯ ಹುಡುಗಿಗೆ ಅದರಲ್ಲಿ ತನ್ನ ಅಜ್ಜಿಯ ಮಾತು ಕೇಳಿಸಿತಂತೆ.

ಇಲ್ಲಿ ನಮ್ಮ ಮನೆಗಳ ಸಂಕಟವೊಂದಿದೆ. ಹೈಟೆಕ್ ಸಿಟಿ, ಗಚ್ಚಿಬೌಲಿ, ಕೊಂಡಾಪುರಗಳಲ್ಲಿ ನೆಲೆಸಿದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕಿವಿಗಷ್ಟೇ ದಕ್ಕಿದ ಭಾಷೆ. ರಜೆಯ ದಿನಗಳ ಕನ್ನಡ ತರಗತಿ ಕಾಗುಣಿತದಿಂದ ಮುಂದೆ ಹೋಗುವಷ್ಟರಲ್ಲಿ ಪರೀಕ್ಷೆಗಳು ಬರುತ್ತವೆ. ಅಂಥವರು ಕನ್ನಡದ ಕಥೆಯನ್ನು ಓದುವುದಿದ್ದರೆ ಅನುವಾದದಲ್ಲಿಯೇ ಓದಬೇಕು. ಆ ಅನುವಾದಕರನ್ನು ನಾವು ಫಲಕದಿಂದ ಬಿಟ್ಟೆವು. ನಾವೊಬ್ಬರೇ ಅಲ್ಲ, ಜಗತ್ತೇ ಈ ವಿಷಯದಲ್ಲಿ ಮರೆಗುಳಿ. 2018ರಲ್ಲಿ ಓಲ್ಗಾ ತೊಕಾರ್ಚುಕ್ ಅವರೊಂದಿಗೆ ಇದೇ ಪ್ರಶಸ್ತಿ ಪಡೆದ ಅನುವಾದಕಿ ಜೆನಿಫರ್ ಕ್ರಾಫ್ಟ್, ಮುಖಪುಟದಲ್ಲಿ ಅನುವಾದಕರ ಹೆಸರಿರಬೇಕೆಂದು 2021ರಲ್ಲಿ ಬಹಿರಂಗ ಪತ್ರ ಬರೆದು ಚಳವಳಿ ನಡೆಸಬೇಕಾಯಿತು. ಕರ್ನಾಟಕ ಸರ್ಕಾರವು ಬಾನು ಮತ್ತು ದೀಪಾ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಸನ್ಮಾನಿಸಿದ್ದು ಸರಿಯಾದ ಕ್ರಮ.

ಸಂಘದ ಸಂಚಿಕೆಗೆ, ಮಕ್ಕಳ ರಸಪ್ರಶ್ನೆಗೆ, ಭಾಷಣಕ್ಕೆ ಬರೆಯುವವರ ಅನುಕೂಲಕ್ಕಾಗಿ ಶುದ್ಧ ಒಕ್ಕಣೆ ಹೀಗಿದೆ: ‘ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ, 2025: ಹಾರ್ಟ್ ಲ್ಯಾಂಪ್, ಲೇಖಕಿ ಬಾನು ಮುಷ್ತಾಕ್, ಅನುವಾದಕಿ ದೀಪಾ ಭಾಸ್ತಿ.’ ಎರಡನೆಯ ಸಲ ಬರೆಸಿದ ಫಲಕದಲ್ಲಿ ಇಷ್ಟೇ ಇತ್ತು. ಅಕ್ಷರಗಳು ಸ್ವಲ್ಪ ಚಿಕ್ಕವಾದವು, ಹೆಸರುಗಳು ಎರಡೂ ಹಿಡಿಸಿದವು.