ಹೊಳೆಗೆ ಸುರಿದ ಕೊಡ: ಟಿಸಿಪಿಯಲ್ಲಿ ಸಂದೇಶದ ಎಲ್ಲೆ ಅಳಿದ ಚರಿತ್ರೆ

ಗೊರೂರಿನಲ್ಲಿ ಯಾರೋ ಹೇಮಾವತಿಗೆ ಎರಡು ಕೊಡ ನೀರು ಸುರಿದರೆ, ಕೆಳಗೆ ಹೊಳೆನರಸೀಪುರದಲ್ಲಿ ನಿಂತವರು ಅವೆರಡನ್ನು ಬೇರೆಬೇರೆಯಾಗಿ ಮೊಗೆಯಲಾರರು. ಅಂತರಜಾಲದಲ್ಲಿ ಕಂಪ್ಯೂಟರುಗಳ ನಡುವೆ ಮಾಹಿತಿ ಸಾಗಿಸುವ ಟಿಸಿಪಿ ನಿಯಮಾವಳಿಯ ಮೂಲಕ ಸಂದೇಶ ಕಳುಹಿಸುವವರ ಪಾಡೂ ಇದೇ. ಟಿಸಿಪಿಯ ಹೊಳೆ ಹನಿಗಳ ಸಾಲು ತಪ್ಪಿಸುವುದಿಲ್ಲ, ಸಂಪರ್ಕ ಇರುವಷ್ಟು ಹೊತ್ತು ನಡುವೆ ಒಂದು ಹನಿಯನ್ನೂ ಬಿಡುವುದಿಲ್ಲ ಎಂಬುದಷ್ಟೇ ಹೆಚ್ಚಿನ ಅನುಕೂಲ. ಟಿಸಿಪಿ ಹುಟ್ಟಿದ್ದೇ ಎಲ್ಲೆಯಿಲ್ಲದ ಪ್ರವಾಹವಾಗಿ ಎಂದು ತರಗತಿಗಳಲ್ಲಿ ಹೇಳುವ ರೂಢಿಯಿದೆ. ಮೂಲ ದಾಖಲೆಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

1974ರ ಮೇ ತಿಂಗಳಲ್ಲಿ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಟಿಸಿಪಿಯನ್ನು ಮುಂದಿಟ್ಟು ಪ್ರಕಟಿಸಿದ ಪ್ರಬಂಧದಲ್ಲಿ ತುಂಡಿನ ಕೊನೆಗೊಂದು, ಸಂದೇಶದ ಕೊನೆಗೊಂದು ಗುರುತು ಇತ್ತು. ಅಂತರಜಾಲದ ನಿಯಮಗಳ ಸರಣಿಯಲ್ಲಿ ಬಂದ 1980ರ ಜನವರಿಯ ಆರ್‌ಎಫ್‌ಸಿ 761ರಲ್ಲೂ 'ಪತ್ರದ ಕೊನೆ' ಎಂಬ ಬಿಟ್ ಉಳಿದಿತ್ತು. ಆದರೆ ಅದಕ್ಕೆ ಪಡೆಯುವವರ ಬಫರಿನ ಅಳತೆಯನ್ನೂ ಕ್ರಮಸಂಖ್ಯೆಯನ್ನೂ ಗಂಟು ಹಾಕಿದ್ದರು. ಪತ್ರ ಮುಗಿದಾಗ ಸಂಖ್ಯೆ ಮುಂದಿನ ಬಫರಿಗೆ ಜಿಗಿಯಬೇಕಿತ್ತು. ಬಲ್ಲವರು ಇದನ್ನು 'ರಬ್ಬರ್' ಎಂದು ಕರೆದರು. ಜಾನ್ ಪೋಸ್ಟೆಲ್ ಸಂಪಾದಿಸಿದ 1981ರ ಸೆಪ್ಟೆಂಬರಿನ ಆರ್‌ಎಫ್‌ಸಿ 793ರಲ್ಲಿ ಅದೇ ಜಾಗದ ಬಿಟ್ಟಿಗೆ 'ಪುಶ್' ಎಂಬ ಹೆಸರು ಬಂತು. ಈಗ ಅದರ ಅರ್ಥ ತಡಮಾಡದೆ ತಲುಪಿಸು ಎಂದಷ್ಟೆ. 1989ರ ಆರ್‌ಎಫ್‌ಸಿ 1122 ಇದು ದಾಖಲೆಯ ಎಲ್ಲೆಯಲ್ಲವೆಂದು ಬಿಡಿಸಿಯೇ ಹೇಳಿತು. ಇಂದಿಗೂ ಅದನ್ನು ಎಲ್ಲೆಯೆಂದು ನಂಬಿ ಪ್ರೋಗ್ರಾಂ ಬರೆಯುವವರಿದ್ದಾರೆ!

ಎಲ್ಲೆಯನ್ನು ಬಿಟ್ಟುಕೊಟ್ಟ ಈ ತ್ಯಾಗ ಸರಿಯೆಂದೇ ನನ್ನ ಎಣಿಕೆ. ಟಿಸಿಪಿಯ 32 ಬಿಟ್ಟಿನ ಕ್ರಮಸಂಖ್ಯೆ ಎಣಿಸುವುದು ಬೈಟುಗಳನ್ನು, ಸಂದೇಶಗಳನ್ನಲ್ಲ. ಹಿಂದುಮುಂದಾಗಿ ಬಂದ ತುಂಡುಗಳನ್ನು ಪಡೆಯುವ ಕಡೆ ಅದೇ ಸಂಖ್ಯೆಯ ಮೇಲೆ ಜೋಡಿಸುತ್ತದೆ. ಕಳೆದದ್ದನ್ನು ಮತ್ತೆ ಕಳುಹಿಸುವಾಗ ಮೊದಲು ಕತ್ತರಿಸಿದ ಜಾಗದಲ್ಲೇ ಕತ್ತರಿಸಬೇಕಿಲ್ಲ. ಎರಡು ಚೂರನ್ನು ಕೂಡಿಸಿ ಒಂದೇ ಮಾಡಿದರೂ ಸರಿ.

ಅದರ ಬೆಲೆ ತೆರುವವನು ಓದುವವನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ಹೆಸರನ್ನು ನಾಲ್ಕು ಸಲ ಕಳುಹಿಸೋಣ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. ಹಾಗಾಗಿ ಅವು ಅನುಕ್ರಮವಾಗಿ 12, 33, 24, 36, ಒಟ್ಟು 105 ಬೈಟು. ಆ ಕಡೆ ಮೊದಲ ಓದಿಗೆ 50 ಬೈಟು ಸಿಕ್ಕಿತೆನ್ನಿ: ಹಾಸನ, ಹೊಳೆನರಸೀಪುರ, ಒಂದು 'ಅ', ಮೇಲೆ 'ರ'ದ ಮೂರರಲ್ಲಿ ಎರಡು ಬೈಟು. ಅಷ್ಟನ್ನೇ ತೆರೆಗೆ ಕೊಟ್ಟರೆ ಕೊನೆಯಲ್ಲಿ ಡಬ್ಬಿಯೋ ಪ್ರಶ್ನೆಚಿಹ್ನೆಯೋ ಕಾಣುತ್ತದೆ. ಫಾಂಟ್ ಕೆಟ್ಟಿದೆ ಎಂದು ಬೈಯುವವರು ಹಲವರು. ಕೆಟ್ಟದ್ದು ಕಾಯದೆ ಓದಿದ ಪ್ರೋಗ್ರಾಂ.

ಪರಿಹಾರಗಳು ಹಳೆಯವೇ. 1982ರ ಆರ್‌ಎಫ್‌ಸಿ 821ರ ಅಂಚೆ ವ್ಯವಸ್ಥೆಯಲ್ಲಿ ಒಂದು ಸಾಲಿನಲ್ಲಿ ಒಂಟಿ ಚುಕ್ಕೆ ಬಂದರೆ ಪತ್ರ ಮುಗಿಯಿತು. 1987ರ ಆರ್‌ಎಫ್‌ಸಿ 1035ರ ಪ್ರಕಾರ ಟಿಸಿಪಿಯ ಮೇಲೆ ಸಾಗುವ ಡಿಎನ್‌ಎಸ್ ಸಂದೇಶದ ಮುಂದೆ 2 ಬೈಟಿನಲ್ಲಿ ಅದರ ಉದ್ದವಿರುತ್ತದೆ. ಹೀಗೆ ಉದ್ದ ಎಣಿಸುವಲ್ಲಿ ಕನ್ನಡಿಗರಿಗೊಂದು ಹಳ್ಳ ಕಾದಿದೆ: 'ಹಾಸನ' ಕಣ್ಣಿಗೆ ಮೂರಕ್ಷರ, ಸಂಕೇತದ ಲೆಕ್ಕಕ್ಕೆ ನಾಲ್ಕು, ತಂತಿಯ ಮೇಲೆ ಹನ್ನೆರಡು.

ಎಲ್ಲೆ ಗುರುತಿಸುವ ಇನ್ನೊಂದು ಬಗೆ ಉಪಗ್ರಹಗಳದ್ದು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇದೆ. 1982ರಲ್ಲಿ, ಇನ್ಸಾಟ್-1ಎ ಉಪಗ್ರಹ ಹಾರಿದ ವರ್ಷವೇ, ಸ್ಥಾಪನೆಯಾದ ನಿಯಂತ್ರಣ ಕೇಂದ್ರವಿದು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ತಮ್ಮ ಸ್ಥಿತಿಗತಿ ತಿಳಿಸಲು ಕಳುಹಿಸುವ ಟೆಲಿಮೆಟ್ರಿಯೂ ಬಿಡದೆ ಹರಿಯುವ ಬಿಟ್ಟುಗಳ ಸಾಲೇ. ಅಲ್ಲಿ ತಪ್ಪಿದ್ದನ್ನು ಮತ್ತೆ ಕೇಳುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಟೆಲಿಮೆಟ್ರಿಯಲ್ಲಿ ಪ್ರತಿ ಚೌಕಟ್ಟಿನ ತಲೆಗೂ ಗೊತ್ತಿರುವ ಒಂದು ಬಿಟ್ ವಿನ್ಯಾಸವನ್ನು ಕಟ್ಟುವುದು ಪದ್ಧತಿ. ಅದೇ ವಿನ್ಯಾಸ ಮಾಹಿತಿಯ ನಡುವೆ ಆಕಸ್ಮಿಕವಾಗಿಯೂ ಬರಬಹುದು. ಹಾಗಾಗಿ ಗ್ರಾಹಕ ಯಂತ್ರ ಒಮ್ಮೆ ಕಂಡ ಮಾತ್ರಕ್ಕೆ ನಂಬದೆ, ನಿಗದಿತ ಅಂತರದಲ್ಲಿ ಅದು ಮರಳಿ ಬರುತ್ತದೆಯೇ ನೋಡಿ ಆಮೇಲೆ ಹಿಡಿಯುತ್ತದೆ. ಹಿಡಿತ ತಪ್ಪಿದರೆ ಮತ್ತೆ ಹುಡುಕಲು ಶುರು. ಉದ್ದದ ಲೆಕ್ಕ ತಪ್ಪಿದ ಟಿಸಿಪಿ ಓದುಗನಿಗೆ ಹುಡುಕಲು ಅಂಥ ಗುರುತೇ ಇಲ್ಲ. ಅವನು ಸಂಪರ್ಕ ಕಡಿದು ಮೊದಲಿನಿಂದ ಹೊರಡಬೇಕು.