ವೃತ್ತಗಣಿತದ ಒಂದು ಪೂರ್ವವೃತ್ತಾಂತ

ಮೀನಾಂತವೂ ಮೇಷಾದಿಯೂ ಒಂದೇ ಬಿಂದುವೆಂಬುದು ಜ್ಯೋತಿಷವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಪರಮಾಣುಭಾರಗಳು ಪೂರ್ಣಾಂಕಗಳೇ ಅಲ್ಲವೇ ಎಂಬ ವಿವಾದವನ್ನು ಪರೀಕ್ಷಿಸುವಾಗ ರಿಚರ್ಡ್ ಫಾನ್ ಮೀಸೆಸ್ ಎಂಬ ಗಣಿತಜ್ಞರು 1918ರಲ್ಲಿ ಈ ನ್ಯಾಯವನ್ನೇ ಅವಲಂಬಿಸಿ, ಭಾರಗಳ ಭಿನ್ನಾಂಶಗಳನ್ನು ವೃತ್ತದ ಮೇಲಿರಿಸಿದರು. ಜಲಜನಕದ ಭಾರ 1.008, ಅದರ ಭಿನ್ನಾಂಶವು 3 ಅಂಶಗಳ ಬಳಿ ಬೀಳುವುದು. ಸೋಡಿಯಂ 22.99; ಅದು 356ರ ಬಳಿ. ಎರಡೂ ಪೂರ್ಣಾಂಕಕ್ಕೆ ಸಮೀಪವಾದರೂ ಸಾಮಾನ್ಯ ಸರಾಸರಿಯು ಸುಮಾರು 180 ಎಂದು ವಿಪರೀತವನ್ನೇ ನುಡಿಯುವುದು. ಈ ದೋಷವನ್ನು ಪರಿಹರಿಸುವ ಫಾನ್ ಮೀಸೆಸ್ ವಿತರಣೆಗೆ ಮಾನಗಳೆರಡು: ಮಧ್ಯದಿಕ್ಕು ಮತ್ತು ಸಾಂದ್ರತೆ. ಈಗ ‘ಆರ್’ ತಂತ್ರಾಂಶದ ‘ಸರ್ಕ್ಯುಲರ್’ ಎಂಬ ಭಾಗವು ಇವನ್ನು ಕ್ಷಣಮಾತ್ರದಲ್ಲಿ ಗಣಿಸುತ್ತದೆ. ಆದರೆ ಈ ವಿತರಣೆಗೆ ಶಿಖರವು ಒಂದೇ. ದತ್ತಾಂಶಗಳು ಎದುರುಬದುರಾಗಿ ಎರಡು ಗುಂಪುಗಳಾಗಿದ್ದರೂ ಯಂತ್ರವು ಉತ್ತರವನ್ನು ಕೊಟ್ಟೇ ಕೊಡುವುದು. ಆ ಉತ್ತರವು ಯಾವ ಗುಂಪಿಗೂ ಸಲ್ಲದೆ ಹೋಗಬಹುದು. ಆದುದರಿಂದ ಮೊದಲು ಬಿಂದುಗಳನ್ನು ವೃತ್ತದ ಮೇಲೆ ಗುರುತಿಸಿ ನೋಡತಕ್ಕದ್ದು. ಗಣನೆಯು ಅನಂತರದ ಕಾರ್ಯ.