ನೀಲಿಯ ಹರವಿ, ತಗಚೆಯ ಬೀಜ: ಗಡಿನಾಡಿನ ಬಣ್ಣಗಾರಿಕೆ

ಬುಧಗಾಂವವು ೧೯೪೮ರ ವಿಲೀನದವರೆಗೆ ಪಟವರ್ಧನರ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿತ್ತು. ನೆರೆಯ ಸಾಂಗಲಿ ಸಂಸ್ಥಾನದ ಆಡಳಿತವು ರಬಕವಿ, ತೇರದಾಳ, ಬೆಳಗಾವಿಯ ಶಹಾಪುರಗಳವರೆಗೆ ಹಬ್ಬಿತ್ತು. ಇವುಗಳಲ್ಲಿ ರಬಕವಿ, ಶಹಾಪುರಗಳು ಹೆಸರಾಂತ ನೇಕಾರರ ಊರುಗಳು. ಅದಕ್ಕೂ ಹಿಂದೆ, ಶಕ ೧೦೬೬ರ ಮಿರಜ ಶಾಸನದಲ್ಲಿ ವೀರಬಣಂಜರ ಹೆಸರು ಬರುತ್ತದೆ. ಹೀಗೆ ಭಾಷೆಗೂ ವ್ಯಾಪಾರಕ್ಕೂ ಒಂದೇ ಅಂಗಳವಾಗಿದ್ದ ಈ ನಾಡಿನಲ್ಲಿ ಬಟ್ಟೆಗೆ ಬಣ್ಣ ಬಂದುದು ಎಲ್ಲಿಂದ ಎಂಬುದು ವಿಚಾರಾರ್ಹವಾದ ವಿಷಯ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ಅರಸನ ಉಡುಪನ್ನು ವರ್ಣಿಸುವಾಗ ಮಂಜಿಷ್ಠ, ಅರಗು, ನೀಲಿ, ಅರಿಸಿನಗಳ ಬಣ್ಣವನ್ನು ಹೇಳುತ್ತದೆ. ಜನಸಾಮಾನ್ಯರ ಕೆಂಪು ಬಹುಮಟ್ಟಿಗೆ ಮಡ್ಡಿಯ ಬೇರಿನದು. ಮರಾಠಿಯಲ್ಲಿ ಇದೇ ‘ಆಲ’. ಹತ್ತಿಯ ನೂಲಿಗೆ ಈ ಕೆಂಪು ತಾನಾಗಿ ಹಿಡಿಯದು. ಅಳಲೆಕಾಯಿಯ ಒಗರೂ ಪಟಿಕದ ನೀರೂ ಮೊದಲು ಉಣಿಸಬೇಕು.

ನೀಲಿಯ ಬಗೆಯೇ ಬೇರೆ. ಅದು ನೀರಿನಲ್ಲಿ ಕರಗದು. ಆದುದರಿಂದ ದಕ್ಷಿಣದ ನೀಲಗಾರರು ಸುಣ್ಣದ ನೀರಿಗೆ ಬೇಯಿಸಿದ ತಗಚೆಯ ಬೀಜವನ್ನು ಬೆರಸಿ ಹರವಿಯಲ್ಲಿ ಹುಳಿಯಿಸುತ್ತಿದ್ದರು. ಹುದುಗಿನ ಸೂಕ್ಷ್ಮಜೀವಿಗಳು ನೀಲಿಯನ್ನು ಕರಗುವ ರೂಪಕ್ಕೆ ತರುತ್ತವೆ. ಅದ್ದಿ ತೆಗೆದ ನೂಲು ಮೊದಲು ಹಳದಿ ಹಸಿರಾಗಿದ್ದು, ಗಾಳಿ ತಾಗಿದೊಡನೆ ನೀಲಿಯಾಗುತ್ತದೆ.

೧೮೫೬ರಲ್ಲಿ ಇಂಗ್ಲೆಂಡಿನ ಪರ್ಕಿನ್ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ತೆಗೆದನು. ೧೮೯೭ರಲ್ಲಿ ಜರ್ಮನಿಯ ಕಾರಖಾನೆಯ ನೀಲಿ ಪೇಟೆಗೆ ಬಂದಿತು; ಭಾರತದ ನೀಲಿ ವ್ಯಾಪಾರ ಕುಸಿಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗಿಡದ ನೀಲಿಗೂ ಕಾರಖಾನೆಯ ನೀಲಿಗೂ ಮೂಲದ್ರವ್ಯ ಒಂದೇ. ಬದಲಾದುದು ಹರವಿ. ತಗಚೆಯ ಸ್ಥಾನಕ್ಕೆ ಸೋಡಿಯಂ ಹೈಡ್ರೊಸಲ್ಫೈಟ್ ಬಂದಿತು. ಕೆಲಸ ಬೇಗನಾಯಿತು, ಆದರೆ ಅದರ ಗಂಧಕದ ಲವಣಗಳು ಚರಂಡಿಯ ಪಾಲಾದವು.

ಗಿಡದ್ದೆಲ್ಲ ನಿರ್ದೋಷವೆಂದು ಹೇಳುವುದು ಸರಿಯಲ್ಲ. ಸಾಂಗಲಿಯ ಪೇಟೆ ಅರಿಸಿನಕ್ಕೆ ಪ್ರಸಿದ್ಧ. ಆದರೆ ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲದು. ಬೇರಿನ ಬಣ್ಣವನ್ನೂ ಕ್ರೋಮಿಯಂ ಲವಣದಿಂದ ಹಿಡಿಸಿದರೆ ನೀರು ಕೆಡದೆ ಇರದು. ಹುಳಿಯಿಸಿದ ಹರವಿಗೆ ದಿನಗಳು ಬೇಕು, ತಾಳ್ಮೆ ಬೇಕು. ಆದರೂ ಕಾರಖಾನೆಯ ನೀಲಿಯನ್ನೇ ಹಳೆಯ ಹುದುಗಿನಲ್ಲಿ ಕರಗಿಸಲು ಅಡ್ಡಿಯಿಲ್ಲ. ಹಳೆಯದು, ಹೊಸದು ಎರಡರಲ್ಲಿ ಒಂದನ್ನೇ ಆಯಬೇಕೆಂಬ ನಿರ್ಬಂಧವಿಲ್ಲ.

ಹಾನಿಕರವಾದ ಆಜೋ ಬಣ್ಣಗಳನ್ನು ಜರ್ಮನಿ ೧೯೯೪ರಲ್ಲಿ ತಡೆಯಿತು. ಭಾರತವು ೧೯೯೭ರ ವೇಳೆಗೆ ೧೧೨ ಬಣ್ಣಗಳನ್ನು ನಿಷೇಧಿಸಿತು. ಇಚಲಕರಂಜಿಯ ಮಗ್ಗಗಳ ಮಗ್ಗುಲಲ್ಲಿ ಹರಿಯುವ ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರೇ ಮುಂದೆ ಕನ್ನಡ ನಾಡಿಗೆ ಇಳಿಯುತ್ತದೆ. ನದಿಗೆ ಗಡಿ ಎಂಬುದಿಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ತಮ್ಮ ಊರಿನ ವೃದ್ಧ ನೇಕಾರರನ್ನೂ ಬಣ್ಣಗಾರರನ್ನೂ ಕಂಡು, ಬೇರು, ತೊಗಟೆ, ಹುದುಗುಗಳ ಹೆಸರನ್ನು ಕನ್ನಡ ಮರಾಠಿ ಎರಡರಲ್ಲಿಯೂ ಬರೆದಿಡಬೇಕು. ಶಾಸನ ಕಲ್ಲಿನಲ್ಲಿ ಉಳಿದೀತು. ಹರವಿಯ ವಿದ್ಯೆ ಬಾಯಿಯಲ್ಲಿದೆ, ಆ ಬಾಯಿ ಮುಚ್ಚಿದರೆ ಅದೂ ಮುಗಿದಂತೆ.